ಸಾವಿರ ಮೈನಾ, ಮೂರು ಚಿತ್ರದೆಲೆ

ಏಳು ಬೆಟ್ಟಗಳಾಚೆ, ಪಕ್ಷಿಗಳಿಗೆ ಇನ್ನೂ ಮಾತು ಬರುತ್ತಿದ್ದ ಕಾಲದಲ್ಲಿ, ಕಿರುಗಿರಿ ಎಂಬ ರಾಜ್ಯವಿತ್ತು. ಅಲ್ಲಿ ಒಂದು ಪದ್ಧತಿ: ಸುದ್ದಿ ತಂದವರು ಮಾತು ಮುಗಿಸುವ ತನಕ ಅರಸ ಗದ್ದುಗೆಯಿಂದ ಏಳುವಂತಿಲ್ಲ. ಇದೊಂದು ದೊಡ್ಡ ಸದ್ಗುಣವೆಂದು ಅಲ್ಲಿಯವರು ನಂಬಿದ್ದರು. ಕಲಕಲ ಎಂಬ ಮಾಂತ್ರಿಕನಿಗೂ ಅದು ಬಹಳ ಹಿಡಿಸಿತು.

ಅವನು ಸಾವಿರ ಮೈನಾಗಳನ್ನು ಅರಮನೆಗೆ ಬಿಟ್ಟ. ಒಂದು ಮುಗಿಸುವ ಮೊದಲೇ ಇನ್ನೊಂದು ಶುರುಮಾಡುತ್ತಿತ್ತು. ಯುವ ಅರಸ ಚಂದರಸ ಮೂರು ತಿಂಗಳು ಏಳಲಿಲ್ಲ. ಊಟ ಅಲ್ಲೇ, ನಿದ್ದೆ ಅಲ್ಲೇ. ಯಾವ ದ್ವೀಪದಲ್ಲಿ ಎಷ್ಟು ತಿಮಿಂಗಿಲ ಸತ್ತವು, ಯಾವ ಸಾಮಂತನ ಮಾವ ಯಾರ ಮೇಲೆ ಮುನಿದ, ಎಲ್ಲವೂ ಅವನಿಗೆ ಗೊತ್ತಿತ್ತು. ತಂಗಿ ಪದ್ಮಲೆಯನ್ನು ಕಲಕಲ ಉತ್ತರದ ಕೋಟೆಗೆ ಹೊತ್ತೊಯ್ದಿದ್ದಾನೆ, ಮೂರನೆಯ ಹುಣ್ಣಿಮೆಯೊಳಗೆ ಅಣ್ಣ ಬಂದು ಕೈಹಿಡಿಯದಿದ್ದರೆ ಅವಳು ಕಲ್ಲಾಗುತ್ತಾಳೆ ಎಂಬುದನ್ನೂ ಒಂದು ಮೈನಾ ಹೇಳಿತ್ತು. ಅದು ಆ ದಿನದ ನಾನೂರನೆಯ ಸುದ್ದಿ. ಅರಸ ಅಯ್ಯೋ ಪಾಪ ಎಂದು ಮುಂದಿನದಕ್ಕೆ ಕಿವಿಗೊಟ್ಟಿದ್ದ.

ಗದ್ದುಗೆಯ ದಿಂಬು ಹೊಲಿಯುವ ಬಾಚವ್ವೆ ಒಂದು ಬೆಳಗ್ಗೆ ಟ್ಯಾರೋ ಎಂಬ ಚಿತ್ರದೆಲೆಗಳ ಕಟ್ಟು ತಂದಳು. ಅವಳ ಗಂಡ ಹಡಗಿನಲ್ಲಿ ದೂರದೇಶದಿಂದ ತಂದದ್ದು. ಇವು ಭವಿಷ್ಯ ಹೇಳುತ್ತವೆಯೇ ಎಂದು ಅರಸ ಕೇಳಿದ.

“ನಾಳೆ ಯಾವ ವಾರ ಅಂತಲೂ ಇವಕ್ಕೆ ಗೊತ್ತಿಲ್ಲ, ಬುದ್ಧಿ. ಬಣ್ಣ ಬಳಿದ ಕಾಗದ. ಆದರೆ ಬಾಯಿ ಬಿಡೋದಿಲ್ಲ. ಒಂದನ್ನ ನೋಡಿ, ಏನು ನೆನಪಾಗುತ್ತೆ ಹೇಳಿ.”

ಅವನು ಎತ್ತಿದ ಎಲೆಯಲ್ಲಿ ಕಣ್ಣು ಕಟ್ಟಿದ ಹೆಣ್ಣೊಬ್ಬಳು, ಸುತ್ತ ಎಂಟು ಕತ್ತಿ. ಮೊದಲು ಪದ್ಮಲೆ ನೆನಪಾದಳು. ಮತ್ತೆ ನೋಡಿದ. ಕಟ್ಟಿದ ಹಗ್ಗ ಸಡಿಲವಿತ್ತು, ಕಾಲು ಬಿಡಿಯಾಗಿತ್ತು. ಈ ಸಲ ತಾನೇ ನೆನಪಾದ. ಹುಣ್ಣಿಮೆಗೆ ಎಷ್ಟು ದಿನ ಎಂದು ಕೇಳಿದ. ಮೂರು ಎಂದಳು ಬಾಚವ್ವೆ.

ಚಂದರಸ ಎದ್ದ. ಆಕಾಶವೇನೂ ಬೀಳಲಿಲ್ಲ. ಮಂತ್ರಿಯ ಕೈಯಿಂದ ಅಡಿಕೆ ಡಬ್ಬಿ ಬಿತ್ತು, ಅಷ್ಟೇ. ಇನ್ನೆರಡು ಎಲೆ ಎತ್ತಿಕೊಂಡು ಅರಸ ಹೊರಟ.

ಮೊದಲ ದಿನ ಮೂರು ತಲೆಯ ಹಂದಿ ಅಡ್ಡ ಬಂತು. ಮೂರು ಬಾಯಿ ಮೂರು ದಾರಿ ಹೇಳಿದವು, ಒಂದೊಂದಕ್ಕೂ ನೂರು ಕಾರಣ ಸಮೇತ. ಅವನು ಎಲೆ ತೆಗೆದ. ಮುದುಕನೊಬ್ಬ ಲಾಂದ್ರ ಹಿಡಿದಿದ್ದ, ಬೆಳಕು ಎರಡು ಹೆಜ್ಜೆಗೆ ಸಾಕಾಗುವಷ್ಟು. ತನಗೆ ಖಚಿತವಾಗಿ ಏನು ಗೊತ್ತು? ಕೋಟೆ ಉತ್ತರಕ್ಕಿದೆ. ಉತ್ತರಕ್ಕೆ ನಡೆದ.

ಎರಡನೆಯ ದಿನ ಮೈನಾಗಳು ಬೆನ್ನಟ್ಟಿ ಬಂದವು. ಅರಮನೆ ಹೋಯಿತು, ಕಣಜ ಉರಿಯಿತು, ಬೇಗ ಹಿಂದಿರುಗು ಎಂದವು. ಅವನು ಎಲೆ ತೆಗೆದ. ಒಂಟಿಕಾಲಲ್ಲಿ ತಲೆಕೆಳಗಾಗಿ ನೇತಾಡುವವನು, ಮುಖದಲ್ಲಿ ಮಾತ್ರ ಯಾವ ಆತುರವೂ ಇಲ್ಲ. ಅರಸ ಅತ್ತಿಮರದ ಕೆಳಗೆ ಕೂತು ಸುಮ್ಮನಾದ. ಮಧ್ಯಾಹ್ನದ ಹೊತ್ತಿಗೆ ಅವುಗಳ ಬಾಯಲ್ಲೇ ಉರಿದ ಕಣಜ ತುಂಬಿತ್ತು, ಹೋದ ಅರಮನೆ ವಾಪಸಾಗಿತ್ತು. ಗಂಟಲು ಕಟ್ಟಿದ ಮೈನಾಗಳು ಹಣ್ಣು ಕುಕ್ಕತೊಡಗಿದವು.

ಮೂರನೆಯ ದಿನ ಕೋಟೆ ಬಾಗಿಲಲ್ಲಿ ಕಲಕಲನೇ ನಿಂತಿದ್ದ. ನೋಡದ ಎಲೆ ಒಂದೂ ಉಳಿದಿರಲಿಲ್ಲ.

“ನಿನ್ನ ತಂದೆ ಹೇಗೆ ಸತ್ತ ಅಂತ ಗೊತ್ತೇನೋ ಮರಿ ಅರಸ? ಕೇಳಿಬಿಟ್ಟು ಹೋಗು. ಒಂದೇ ಗಳಿಗೆ.”

ಚಂದರಸನ ಕಾಲು ನಿಂತಿತು. ಹತ್ತು ವರ್ಷದಿಂದ ಅವನಿಗೆ ಬೇಕಿದ್ದ ಸುದ್ದಿ ಅದೊಂದೇ. ಒಳಗೆ ಪದ್ಮಲೆ ಸೊಂಟದವರೆಗೆ ಕಲ್ಲಾಗಿದ್ದಳು.

“ಅದು ನನಗೆ ಗೊತ್ತಾಗದೇ ಇರಲಿ,” ಎಂದು ಅವನು ಮಾಂತ್ರಿಕನನ್ನು ದಾಟಿ ನಡೆದ. ಬೇರೆಯವರ ಕಿವಿಯೇ ಕಲಕಲನ ಆಹಾರ. ಅದು ಸಿಗದೆ ಅವನು ಮಾತಾಡುತ್ತಲೇ ತೆಳುವಾಗಿ, ಹೊಗೆಯಾಗಿ ಹೋದ.

ಅಣ್ಣ ಕೈಹಿಡಿದ. ಕಲ್ಲು ಹಿಟ್ಟಾಗಿ ಉದುರಿತು.

“ಮೂರು ತಿಂಗಳು ಏನು ಮಾಡ್ತಿದ್ದೆ, ಮಹಾರಾಜ?” ಎಂದಳು ಪದ್ಮಲೆ, ಸೀರೆ ಕೊಡವುತ್ತ.

“ಸುದ್ದಿ ಕೇಳ್ತಿದ್ದೆ.”

“ಏನು ಸುದ್ದಿ?”

ಅವನು ಯೋಚಿಸಿದ. ಒಂದೂ ನೆನಪಾಗಲಿಲ್ಲ. ಅವಳು ಬೆಟ್ಟ ಇಳಿಯುವವರೆಗೂ ನಕ್ಕಳು.

ಅಂದಿನಿಂದ ಕಿರುಗಿರಿಯ ಅರಸ ದಿನಕ್ಕೆ ಒಂದು ಗಳಿಗೆ ಸುದ್ದಿ ಕೇಳಿ ಎದ್ದುಹೋಗುತ್ತಿದ್ದ. ರಾಜ್ಯ ಚೆನ್ನಾಗಿ ನಡೆಯಿತು, ಜನ ಚೆನ್ನಾಗಿ ಉಂಡರು. ಎಲೆಗಳಲ್ಲಿ ಮಾಯೆಯಿದೆ ಎಂದು ಎಲ್ಲರೂ ಹೇಳಿದರು. ಇಲ್ಲ ಎಂದಳು ಬಾಚವ್ವೆ. ಅವಳೊಬ್ಬಳ ಮಾತನ್ನು ಯಾರೂ ನಂಬಲಿಲ್ಲ.