ಬಿಷಪ್ಪರ ಎರಡು ಬೆರಳು

1996ರ ಮೇ 1, ಬುಧವಾರ, ಬೆಳಿಗ್ಗೆ 7.40. ಚೆಕ್ ದೇಶದ ಮೊರಾವಿಯಾದಲ್ಲಿನ ಯಾವೊರ್ನಿತ್ಸೆ ಊರಿನ ಪೊಲೀಸ್ ಠಾಣೆಗೆ ಫಾದರ್ ಅಲೋಯಿಸ್ ಏದುಸಿರು ಬಿಡುತ್ತ ಬಂದರು. ಚೌಕದಲ್ಲಿ ಹೊಸದಾಗಿ ನಿಲ್ಲಿಸಿದ್ದ ಬಿಷಪ್ ಕ್ಲೆಮೆಂತರ ಕಂಚಿನ ಪ್ರತಿಮೆ, ಹರಸಲೆಂದು ಬಲಗೈಯ ಎರಡು ಬೆರಳು ಎತ್ತಿತ್ತು. ರಾತ್ರಿ ಯಾರೋ ಆ ಬೆರಳುಗಳನ್ನು ಕೊಯ್ದಿದ್ದರು.

"ಬಿಷಪ್ಪರನ್ನ ನಾಜಿಗಳು ಜೈಲಿಗೆ ಹಾಕಿದ್ರು. ಆಮೇಲೆ ಕಮ್ಯುನಿಸ್ಟರು ಹಾಕಿದ್ರು. ಕಂಚಾದ್ಮೇಲೂ ಅವರಿಗೆ ನೆಮ್ಮದಿ ಇಲ್ವಲ್ಲ ಇನ್ಸ್‌ಪೆಕ್ಟರೇ. ಭಾನುವಾರ ಅನಾವರಣ."

ಇನ್ಸ್‌ಪೆಕ್ಟರ್ ಶೆಬೆಸ್ತಾ ಎಫ್‌ಐಆರ್ ದಾಖಲಿಸಿ ಸ್ಥಳಕ್ಕೆ ಹೋದ. ಪ್ರತಿಮೆಯ ಪಕ್ಕದಲ್ಲೇ ವಸಂತದ ಹಬ್ಬಕ್ಕೆ ನೆಟ್ಟ, ಬಣ್ಣದ ರಿಬ್ಬನ್ ತೊಟ್ಟ ಮೇ ಕಂಬ ಮದುಮಗಳ ಹಾಗೆ ನಿಂತಿತ್ತು. ಪಕ್ಕದೂರಿನ ಹುಡುಗರು ಬಂದು ಅದನ್ನು ಕಡಿದರೆ ವರ್ಷವಿಡೀ ತಲೆ ಎತ್ತುವಂತಿಲ್ಲ. ಅದಕ್ಕೇ ಊರಿನ ಹುಡುಗರು ಬೆಂಕಿ ಹಾಕಿಕೊಂಡು ಕಾವಲಿದ್ದರು.

"ಕಣ್ಣು ಮುಚ್ಚಿಲ್ಲ ಸಾರ್," ಎಂದ ಕಾವಲಿನ ಮುಂದಾಳು ವೀತ್.

"ಗರಗಸದ ಸದ್ದು ಕೇಳಿಸ್ಲಿಲ್ವಾ?"

"ಕೇಳಿಸ್ತು."

"ಆಮೇಲೆ?"

"ಎಲ್ರೂ ಓಡಿಹೋಗಿ ಕಂಬ ತಬ್ಕೊಂಡ್ವಿ. ಕಂಬಕ್ಕೇನೂ ಆಗಿರ್ಲಿಲ್ಲ. ಕತ್ತಲಲ್ಲಿ ಬೇರೇನೂ ಕಾಣ್ಲಿಲ್ಲ, ವಾಪಸ್ ಬಂದು ಬೆಂಕಿ ಹತ್ರ ಕೂತ್ವಿ."

ಶೆಬೆಸ್ತಾ ಟೋಪಿ ತೆಗೆದು ಮತ್ತೆ ಹಾಕಿಕೊಂಡ. "ಸದ್ದು ನಿಂತಿತ್ತಾ?"

"ಎಲ್ಲಿ ಸಾರ್. ಸ್ವಲ್ಪ ಕೊಯ್ಯೋದು, ಸುಸ್ತಾದವರ ಹಾಗೆ ನಿಲ್ಲೋದು, ಮತ್ತೆ ಕೊಯ್ಯೋದು. ನಮ್ಮ ಕಂಬ ಅಲ್ವಲ್ಲ ಅಂತ ಸುಮ್ನಿದ್ವಿ."

ಕಾನ್‌ಸ್ಟೇಬಲ್ ಹವ್ರಾನ್ ನಗು ನುಂಗಲು ಆ ಕಡೆ ತಿರುಗಿದ.

"ಕುಡಿದಿದ್ರಾ?"

"ಮಾತೌಶ್ ಅಜ್ಜ ಪ್ಲಮ್ ಸಾರಾಯಿ ಕೊಟ್ಟಿದ್ರು. ಎರಡು ಬಾಟ್ಲಿ."

"ಯಾರು, ಆ ಜಿಪುಣನಾ? ಸ್ವಂತ ಮಗಳ ಮದುವೇಲೇ ಅಳೆದು ಸುರಿದೋನು ಅವನು," ಎಂದ ಹವ್ರಾನ್.

ಅವನ ಮಾತು ಮುಗಿಯುವ ಮೊದಲೇ ಶೆಬೆಸ್ತಾ ಹೊರಟಿದ್ದ.

10.15. ಮಾತೌಶ್ ಅಡುಗೆಮನೆಯಲ್ಲಿ ರೊಟ್ಟಿಗೆ ಹಂದಿಕೊಬ್ಬು ಸವರುತ್ತಿದ್ದ. "ಬೂಟು ಹೊರಗೆ ಬಿಡಿ, ಈಗಷ್ಟೇ ನೆಲ ಒರೆಸಿದೀನಿ." ಮೇಜಿನ ಮೇಲೆ, ಒಗೆದ ಬಟ್ಟೆಯಲ್ಲಿ, ಎರಡು ಕಂಚಿನ ಬೆರಳು ಮಲಗಿದ್ದವು. ಪೊಲೀಸರು ಕಾಲುಚೀಲದಲ್ಲೇ ಪಂಚನಾಮೆ ಬರೆದರು.

"ಯಾಕಜ್ಜ ಹೀಗ್ಮಾಡಿದೆ?"

"ಈ ಬೆರಳು ಬಿಷಪ್ಪರಿಗೆ ಇರ್ಲೇ ಇಲ್ಲ. ಪ್ರತಿಮೆ ಸಮಿತಿಗೆ ಹೇಳ್ದೆ, ಫಾದರ್‌ಗೂ ಹೇಳ್ದೆ. ಮೊಂಡುಗೈ ನೋಡೋಕೆ ಚೆನ್ನಾಗಿರಲ್ಲ ಅಂದ್ರು."

"ಇದ್ದ ಬೆರಳು ಏನಾದ್ವು?"

ಮಾತೌಶ್ ತನ್ನ ಕೈಗಳನ್ನು ಮೇಜಿನ ಮೇಲೆ ಹರವಿದ. "ನಾನೂ ಅವರ ಜೊತೆ ಜೈಲಲ್ಲಿದ್ದೆ. ಒಂದಿನ ಜೈಲಿನ ಕಾರ್ಖಾನೇಲಿ ತೂಕಡಿಸ್ತಿದ್ದೆ. ಅಚ್ಚೊತ್ತೋ ಯಂತ್ರದ ಕೆಳಗಿದ್ದದ್ದು ನನ್ನ ಕೈ. ಅವರು ತಮ್ಮ ಕೈ ಹಾಕಿ ತಳ್ಳಿದ್ರು. ಉಳಿದ ಬೆರಳಲ್ಲೇ ಸಾಯೋವರೆಗೂ ಶಿಲುಬೆ ಗುರುತು ಹಾಕಿದ್ರು."

11.05ಕ್ಕೆ ಬಂಧನವಾಯಿತು. ಮಧ್ಯಾಹ್ನ ಫಾದರ್ ಮತ್ತೆ ಬಂದರು.

"ಬೆರಳು ಕೊಡಿ, ಬೆಸುಗೆ ಹಾಕಿಸ್ತೀವಿ."

"ಆಗಲ್ಲ ಫಾದರ್. ಜಪ್ತಿ ಮಾಲು. ಕೇಸು ಮುಗಿಯೋವರೆಗೆ ಬೀರು ಬಿಟ್ಟು ಬರಲ್ಲ."

"ಯಾವಾಗ ಮುಗಿಯುತ್ತೆ?"

"ನಮ್ಮ ಕೋರ್ಟಲ್ಲಿ ಯಾವಾಗ ಅಂತ ಹೇಳ್ಲಿ?" ಎಂದು ಶೆಬೆಸ್ತಾ ನಿಟ್ಟುಸಿರಿಟ್ಟ.

"ಹಾಗಾದ್ರೆ ಹೊಸ ಬೆರಳು ಹಾಕಿಸ್ತೀವಿ."

"ಆ ಕೈ ಸಾಕ್ಷಿ ಫಾದರ್. ಮುಟ್ಟಿದ್ರೆ ನಿಮ್ಮ ಮೇಲೂ ಎಫ್‌ಐಆರ್ ಹಾಕ್ಬೇಕಾಗುತ್ತೆ."

ಭಾನುವಾರ ಬಿಷಪ್ಪರು ಆ ಮೊಂಡುಗೈಯಲ್ಲೇ ಊರನ್ನು ಹರಸಿದರು. ಬಂಧನದ ವರದಿಯಲ್ಲಿ ಕೃತ್ಯದ ಉದ್ದೇಶ ಎಂಬಲ್ಲಿ ಶೆಬೆಸ್ತಾ ಬಹಳ ಹೊತ್ತು ಪೆನ್ನು ಹಿಡಿದು ಕೂತಿದ್ದು, ಕೊನೆಗೆ ಒಂದೇ ಸಾಲು ಬರೆದಿದ್ದ: ಆರೋಪಿಯ ಹತ್ತೂ ಬೆರಳು ಸುಸ್ಥಿತಿಯಲ್ಲಿವೆ.