ನಿಮ್ಮೊಬ್ಬರಿಗೆ ಮಾತ್ರ

ಸಿದ್ದಾರ್ಥನ ಬಾಯಿಂದ 'ಇಲ್ಲ' ಅನ್ನುವ ಮಾತು ಕೇಳಿದವರು ತುಮಕೂರಿನಲ್ಲಿ ಯಾರೂ ಇರಲಿಲ್ಲ. ಶಿರಾ ಗೇಟಿನ ಆಫೀಸಿನಲ್ಲಿ ಕೂತು ಗಂಗರಾಜು ಎಂಬ ಬಿಲ್ಡರನ ಸೈಟು, ಮನೆಗಳನ್ನು ಮಾರಿಸುವುದು ಅವನ ಕೆಲಸ. ಪೂರ್ವದ ಬಾಗಿಲು ಬೇಕೆ? ಸಿಗುತ್ತೆ ಸರ್. ಮೂಲೆ ಸೈಟೇ ಬೇಕೆ? ನಿಮಗಲ್ಲದೆ ಇನ್ಯಾರಿಗೆ ಸರ್. ಗುಬ್ಬಿಯಲ್ಲಿದ್ದ ಅವನ ತಾಯಿ ನೆಂಟರ ಮುಂದೆಲ್ಲ, ನನ್ನ ಮಗ ಒಬ್ಬರ ಮನಸ್ಸನ್ನೂ ನೋಯಿಸಿದವನಲ್ಲ ಎಂದು ಹೇಳಿಕೊಳ್ಳುತ್ತಿದ್ದರು. ಹೆತ್ತವರಿಗೆ ಹೆಗ್ಗಣ ಮುದ್ದು, ಬಿಡಿ.

ಇಂಥವನು ಇಂಪನಾಳನ್ನು ಮೊದಲು ನೋಡಿದ್ದು ಹೆಬ್ಬೂರಿನ ದಾರಿಯಲ್ಲಿ, ಗಂಗರಾಜು ಹೊಸದಾಗಿ ಕೊಂಡಿದ್ದ ತೋಟದಲ್ಲಿ. ಹಲಸಿನ ಮರದ ಬುಡದಲ್ಲಿ ಚಪ್ಪಲಿ ಬಿಟ್ಟು, ಮುಡಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು, ಬಾಯಲ್ಲೇ ಹೆಜ್ಜೆ ಎಣಿಸುತ್ತ ಒಬ್ಬಳು ಬರಿಗಾಲಲ್ಲಿ ನಡೆಯುತ್ತಿದ್ದಳು. ಗಿರಾಕಿ ಇರಬೇಕು ಎಂದುಕೊಂಡ.

"ಬನ್ನಿ ಮೇಡಂ. ಈಸ್ಟ್ ಫೇಸಿಂಗ್ ನೋಡ್ತಿದ್ರಾ?"

ಅವಳು ಕನ್ನಡಕ ಸರಿಮಾಡಿಕೊಂಡು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಕಾಂಪೌಂಡ್ ಹಾಕ್ಕೋಬಹುದಾ?"

"ಹಾಕ್ಕೊಳ್ಳಿ ಮೇಡಂ. ನಿಮ್ಮ ಮನೆ, ನಿಮ್ಮಿಷ್ಟ."

"ಆಳೆತ್ತರ?"

"ಎರಡಾಳೆತ್ತರ ಹಾಕ್ಕೊಳ್ಳಿ, ಯಾರು ಕೇಳ್ತಾರೆ."

"ನಾನು ಕೇಳ್ತೀನಿ. ಇಂಪನಾ ಅಂತ. ಈ ಲೇಔಟಿನ ಆರ್ಕಿಟೆಕ್ಟ್. ಇಲ್ಲಿ ಒಂದೂ ಕಾಂಪೌಂಡ್ ಇರಲ್ಲ."

ಸಿದ್ದಾರ್ಥನ ಕಿವಿ ಕೆಂಪಾಯಿತು. ಅವಳಿಗೆ ನಗು ತಡೆಯಲಾಗಲಿಲ್ಲ. ನಕ್ಕಾಗ ಅವಳ ಕೆಳತುಟಿ ಒಂದು ಕಡೆಗೆ ತುಸು ವಾಲುತ್ತಿತ್ತು. ಅಲ್ಲಿ ಬಿದ್ದ ಹುಡುಗ ಮತ್ತೆ ಏಳಲಿಲ್ಲ.

ಇಂಪನಾ ಕುಣಿಗಲ್ಲಿನ ಮೇಷ್ಟರ ಮಗಳು. ಅವಳು ಬರೆದಿದ್ದ ಇಂಥ ಲೇಔಟಿನ ಡ್ರಾಯಿಂಗನ್ನು ಅದಾಗಲೇ ನಾಲ್ಕು ಜನ ಬಿಲ್ಡರುಗಳು ನಕ್ಕು ವಾಪಸ್ ಕಳಿಸಿದ್ದರು. ಕಾರುಗಳೆಲ್ಲ ಗೇಟಿನ ಹತ್ತಿರವೇ ನಿಲ್ಲಬೇಕು, ಒಳಗೆ ಕಾಲ್ನಡಿಗೆ ಮಾತ್ರ. ನಲವತ್ತು ಮನೆ. ಪ್ರತಿ ಮನೆಯ ಮುಂದೂ ಹತ್ತಡಿ ಬಯಲು, ಅದರಾಚೆ ನಡೆಯುವ ದಾರಿ, ಎಲ್ಲಾ ದಾರಿಗಳೂ ಹೋಗಿ ಸೇರುವುದು ನಡುವಿನ ತೋಪಿಗೆ. ಈ ತೋಟದಲ್ಲಿ ಅದಕ್ಕೆ ಸಿಕ್ಕಿದ್ದು ಹಲಸು, ಹೊಂಗೆ, ಇಪ್ಪತ್ತೇಳು ತೆಂಗು, ಒಂದು ಹಳೇ ಬಾವಿ. ಯಾವುದೂ ಯಾರೊಬ್ಬರದೂ ಅಲ್ಲ, ಎಲ್ಲರದು.

"ಐದು ವರ್ಷದ ಮಗು ಒಂದೇ ಹೋಗಿ ಅಂಗಡಿಯಿಂದ ಮೊಸರು ತರಬೇಕು," ಎನ್ನುತ್ತಿದ್ದಳು ಇಂಪನಾ. "ಅದರಮ್ಮ ಅಡುಗೆಮನೆ ಕಿಟಕೀಲಿ ನಿಂತು ನೋಡ್ತಿರಬೇಕು. ಮಧ್ಯ ಒಂದು ಗೋಡೆ ಎದ್ರೂ ಅದಾಗಲ್ಲ. ನಂಗೆ ಬೇಕಿರೋದು ಇಷ್ಟೇ."

ಗಂಗರಾಜು ಒಪ್ಪಿದ್ದು ಒಂದು ಷರತ್ತಿನ ಮೇಲೆ. "ನೋಡಮ್ಮ, ಆಯುಧಪೂಜೆ ಒಳಗೆ ಹದಿನೈದು ಬುಕಿಂಗ್ ಆಗ್ಬೇಕು. ಆಗ್ಲಿಲ್ವಾ, ನಿನ್ ಡ್ರಾಯಿಂಗ್ ಮಡಚಿಟ್ಕೊ. ಮರ ಕಡಿಸಿ ಥರ್ಟಿ ಫಾರ್ಟಿ ಸೈಟ್ ಹೊಡೀತೀನಿ." ಆಮೇಲೆ ಸಿದ್ದಾರ್ಥನ ಕಡೆ ತಿರುಗಿದ. "ಮಾರ್ತೀಯೇನ್ಲಾ?"

"ಮಾರ್ತೀನಣ್ಣ," ಎಂದ ಸಿದ್ದಾರ್ಥ. ಇನ್ನೇನು ಅಂದಾನು!

ಮೊದಲು ಬಂದವರು ಮರಳೂರಿನ ಸರ್ವಮಂಗಳಮ್ಮ, ರಿಟೈರಾದ ಟೀಚರು. ಹಲಸಿನ ಮರ ನೋಡಿ ಮನಸೋತರು, ಬಾವಿಕಟ್ಟೆಯ ಮೇಲೆ ಕೂತು ಎಳನೀರು ಕುಡಿದರು. ಎಲ್ಲಾ ಆದಮೇಲೆ, "ಎಲ್ಲಾ ಚೆನ್ನಾಗಿದೆಯಪ್ಪ. ಆದ್ರೆ ಕಾಂಪೌಂಡಿಲ್ದೆ ಹೆಂಗಿರೋದು? ಬಯಲಲ್ಲಿ ಕೂತಂಗೆ ಆಗಲ್ವಾ?" ಎಂದು ಎದ್ದುನಿಂತರು.

ಅವರು ಎದ್ದದ್ದು ನೋಡಿ ಸಿದ್ದಾರ್ಥ ಸುತ್ತ ಕಣ್ಣಾಡಿಸಿದ. ಅಷ್ಟು ದೂರದಲ್ಲಿ ಇಂಪನಾ ಕೈ ಹಣೆಗೆ ಅಡ್ಡ ಹಿಡಿದು ಇತ್ತಲೇ ನೋಡುತ್ತಿದ್ದಳು. ಅವನು ದನಿ ತಗ್ಗಿಸಿದ. "ನಿಮ್ಮೊಬ್ಬರಿಗೆ ಮಾತ್ರ ಹೇಳ್ತೀನಿ ಟೀಚರ್. ಮೊದ್ಲು ರಿಜಿಸ್ಟರ್ ಆಗ್ಲಿ. ಆಮೇಲೆ ನೀವು ಕಟ್ಕೊಂಡ್ರೆ ಯಾರೂ ಬಂದು ಬೀಳಿಸಲ್ಲ. ಆ ಹತ್ತಡೀನೂ ಒಳಕ್ಕೆ ಸೇರಿಸ್ಕೊಳ್ಳಿ. ಯಾರಿಗೂ ಹೇಳ್ಬೇಡಿ ಅಷ್ಟೆ."

ಸರ್ವಮಂಗಳಮ್ಮ ಅಲ್ಲೇ ಅಡ್ವಾನ್ಸ್ ಕೊಟ್ಟರು. ಇಂಪನಾ ಓಡಿಬಂದು, "ನಿಜವಾಗ್ಲೂ ಒಪ್ಪಿದ್ರಾ? ಗೋಡೆ ಇಲ್ಲ ಅಂದ್ರೂ?" ಎಂದು ಕೇಳಿದಾಗ ಅವಳ ಕಣ್ಣಲ್ಲಿ ನೀರಿತ್ತು.

"ಹೂಂ," ಎಂದ ಸಿದ್ದಾರ್ಥ.

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅನ್ನುತ್ತಾರೆ. ಇವನಿಗೆ ಆಡಿದ ಮಾತು ರುಚಿಸಿಬಿಟ್ಟಿತು. ಎರಡನೆಯವರಿಗೂ ಅದನ್ನೇ ಹೇಳಿದ, ಮೂರನೆಯವರಿಗೂ ಹೇಳಿದ. ಪ್ರತಿಯೊಬ್ಬರೂ ತಮಗೊಬ್ಬರಿಗೆ ಸಿಕ್ಕ ಉಪಕಾರವೆಂದು ಬಾಯಿ ಕಟ್ಟಿಕೊಂಡು ಹೋದರು.

ಆ ದಿನಗಳಲ್ಲೇ ಅವರಿಬ್ಬರ ನಡಿಗೆಯೂ ಶುರುವಾಯಿತು. ದಾರಿಗಳನ್ನು ನೆಲದ ಮೇಲೆ ಗುರುತು ಮಾಡಬೇಕಿತ್ತು. ಅವಳು ಮುಂದೆ ನಡೆಯುವುದು, ಅವನು ಹಿಂದೆ ಸುಣ್ಣದ ಪುಡಿ ಉದುರಿಸುತ್ತ ಬರುವುದು.

"ಇಷ್ಟು ಸೊಟ್ಟಕ್ಕೆ ಯಾಕೆ ಮೇಡಂ? ಹಗ್ಗ ಹಿಡಿದು ಎಳೆದ್ರೆ ಆಯ್ತಲ್ಲ."

"ಮನುಷ್ಯರೇನು ಹಗ್ಗ ಹಿಡ್ಕೊಂಡು ನಡೀತಾರಾ? ಕಾಲು ಎಲ್ಲಿಗೆ ಹೋಗುತ್ತೋ ಅದೇ ದಾರಿ."

"ನನ್ನ ಕಾಲು ನಿಮ್ಮ ಹಿಂದೇನೇ ಬರುತ್ತಲ್ಲ."

ಅವಳು ತಿರುಗಲಿಲ್ಲ. ಮುಡಿಯ ಪೆನ್ಸಿಲ್ ತೆಗೆದು, ಕಾರಣವೇ ಇಲ್ಲದೆ ಮತ್ತೆ ಅಲ್ಲಿಗೇ ಸಿಕ್ಕಿಸಿದಳು. ಕತ್ತಿನ ಹಿಂದೆ ಅಂಟಿದ್ದ ಸುಣ್ಣದ ಗುರುತನ್ನು ಅವನು ಹೇಳದೆ ನೋಡುತ್ತಲೇ ಬಂದ.

ಹಲಸಿನ ಮರದಿಂದ ಬಾವಿಯವರೆಗೆ ದಿನಕ್ಕೆ ಹತ್ತು ಸಲ ನಡೆದು ನಡೆದು ಅಲ್ಲಿನ ಹುಲ್ಲು ಸವೆದು ಒಂದು ಕಾಲುದಾರಿಯೇ ಮೂಡಿತು. ಒಂದು ದಿನ ಡ್ರಾಯಿಂಗಿನಲ್ಲಿ ಆ ಗೆರೆಯನ್ನೂ ಕಂಡ ಸಿದ್ದಾರ್ಥ, "ಇದು ಮೊದಲು ಇರ್ಲಿಲ್ವಲ್ಲ," ಎಂದ.

"ಇರ್ಲಿಲ್ಲ," ಎಂದಳು ಅವಳು, ಕಾಗದದಿಂದ ಕಣ್ಣೆತ್ತದೆ. "ಇದು ನಾವಿಬ್ರೂ ಹಾಕಿದ್ದು."

ಆಗ ಅವನಿಗೆ ತಡೆಯಲಾಗಲಿಲ್ಲ. "ಒಂದು ವಿಷಯ. ನಿಮ್ಮೊಬ್ಬರಿಗೆ ಮಾತ್ರ ಹೇಳ್ತಿರೋದು."

"ಏನು?"

"ನೀವು ಬರದೇ ಇದ್ದ ದಿನ ಈ ತೋಟದಲ್ಲಿ ನಂಗೆ ನಡೆಯೋಕೇ ಆಗಲ್ಲ. ಗೇಟ್ ಹತ್ರಾನೇ ನಿಂತಿರ್ತೀನಿ."

ಕೆಳತುಟಿ ಮೆಲ್ಲಗೆ ವಾಲಿತು. "ಒಬ್ಬರಿಗೆ ಮಾತ್ರಾನಾ?"

"ಒಬ್ಬರಿಗೆ ಮಾತ್ರ."

ಅವತ್ತು ಅವನು ಹೇಳಿದ್ದು ನಿಜವೇ. ಆದರೆ ಅಷ್ಟು ಹೊತ್ತಿಗೆ ಆ ಮಾತನ್ನು ಹದಿಮೂರು ಜನರ ಮುಂದೆ ಸವೆಸಿಯಾಗಿತ್ತು. ಪಾಪ, ಅವನ ಹತ್ತಿರ ಬೇರೆ ಮಾತು ಉಳಿದಿರಲಿಲ್ಲ.

ಆಯುಧಪೂಜೆಗೆ ಎರಡು ದಿನ ಮೊದಲೇ ಹದಿನೈದು ಬುಕಿಂಗ್ ಆಯಿತು. ಮರಗಳು ಉಳಿದವು. ಗಂಗರಾಜು ಕುಂಬಳಕಾಯಿ ಒಡೆಸಿ, "ಪರ್ವಾಗಿಲ್ವೇ, ನಿನ್ ಗೋಡೆ ಇಲ್ದಿರೋ ಊರು ಹೋಗ್ತೈತೆ," ಎಂದ. ಇಂಪನಾ ಆ ಸಂಜೆ ಸಿದ್ದಾರ್ಥನ ಕೈ ಹಿಡಿದುಕೊಂಡೇ ಬಾವಿಯವರೆಗೆ ನಡೆದಳು.

"ನಮ್ಮ ಜನ ಒಪ್ಪಲ್ಲ ಅಂತ ಎಲ್ರೂ ಹೇಳ್ತಿದ್ರು ಕಣೋ. ನೋಡು, ಕೇಳೋ ರೀತೀಲಿ ಕೇಳಿದ್ರೆ ಒಪ್ತಾರೆ. ಹದಿನೇಳನೇ ನಂಬರ್ ನಾನೇ ಬುಕ್ ಮಾಡ್ತೀನಿ. ಕುಣಿಗಲ್ಲಲ್ಲಿ ಅಪ್ಪನ ಹತ್ರ ಮಾತಾಡೋಕೆ ಯಾವಾಗ ಬರ್ತೀಯ?"

ಹೇಳಿಬಿಡಬೇಕು ಎಂದು ಅವನು ಬಾಯಿ ತೆರೆದ. ಅವಳು ಅವನ ಮುಖವನ್ನೇ ನೋಡುತ್ತಿದ್ದಳು, ಅಷ್ಟು ಸಂತೋಷದಿಂದ. ಹೇಗೆ ಹೇಳುವುದು? "ಮನೆಗಳೆಲ್ಲ ಏಳಲಿ. ಗೃಹಪ್ರವೇಶಕ್ಕೆ ಮುಂಚೆ ಬರ್ತೀನಿ," ಎಂದ. ಮನೆಗಳು ಏಳಲು ವರ್ಷವೇ ಹಿಡಿಯಿತು. ಆ ವರ್ಷದಲ್ಲಿ ಹೇಳಬೇಕೆಂದು ಹೊರಟ ದಿನಗಳಿಗೆ ಲೆಕ್ಕವಿಲ್ಲ. ಹೊರಟಾಗಲೆಲ್ಲ ಯಾರೋ ಗಿರಾಕಿ ಬರುತ್ತಿದ್ದರು, ಇವನು ಅವರಿಗೂ ಅದನ್ನೇ ಹೇಳಿ ಕಳಿಸುತ್ತಿದ್ದ.

ಇಂಪನಾಳ ಹದಿನೇಳನೇ ಮನೆಯೊಂದು ಬಿಟ್ಟು ಮಿಕ್ಕವರ ರಿಜಿಸ್ಟ್ರೇಷನ್ ಎಲ್ಲಾ ಮುಗಿದಮೇಲೆ ಒಂದು ಭಾನುವಾರ ಬೆಳಿಗ್ಗೆ ಹಲಸಿನ ಮರದ ಕೆಳಗೆ ಮೀಟಿಂಗು. ಶಾಮಿಯಾನ, ಕುರ್ಚಿ, ಉಪ್ಪಿಟ್ಟು, ಕೇಸರಿಬಾತು. ಇಂಪನಾ ತಾನೇ ಟೈಪ್ ಮಾಡಿಸಿದ ಒಪ್ಪಂದದ ಹಾಳೆಯನ್ನು ಮನೆಗೊಂದರಂತೆ ಹಂಚಿದಳು: ಮನೆ ಮುಂದಿನ ಜಾಗ ಎಲ್ಲರದು, ಅಲ್ಲಿ ಯಾರೂ ಗೋಡೆ ಕಟ್ಟುವುದಿಲ್ಲ. ಸಿದ್ದಾರ್ಥ ಶಾಮಿಯಾನದ ಕಂಬ ಹಿಡಿದು ನಿಂತಿದ್ದ.

ಸರ್ವಮಂಗಳಮ್ಮ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. "ಇದೇನಮ್ಮ ಹಿಂಗೆ ಬರೆದಿದೀಯ? ನಮ್ಮ ಸಿದ್ದಾರ್ಥ ಕಟ್ಕೊಳ್ಳಿ ಅಂತ ಆವತ್ತೇ ಹೇಳಿದ್ನಲ್ಲ." ಆಮೇಲೆ ನಾಲಿಗೆ ಕಚ್ಚಿಕೊಂಡರು. "ಅಯ್ಯೋ, ನಿಮ್ಮೊಬ್ಬರಿಗೆ ಮಾತ್ರ ಅಂದಿದ್ದೆ ಅಲ್ವೇನಪ್ಪ. ಬಾಯಿಬಿಟ್ಬಿಟ್ಟೆ."

"ನಿಮ್ಮೊಬ್ರಿಗೇನಾ?" ಎಂದ ಹೆಬ್ಬೂರಿನಲ್ಲಿ ಹಾಲಿನ ವ್ಯಾಪಾರ ಮಾಡುತ್ತಿದ್ದ ಬೆಟ್ಟಸ್ವಾಮಿ. "ನಂಗೂ ಹಂಗೇ ಹೇಳವ್ನೆ. ನಿಮ್ಮೊಬ್ರಿಗೆ ಮಾತ್ರ ಬೆಟ್ಟಸ್ವಾಮಣ್ಣ, ಯಾರ್ಗೂ ಹೇಳ್ಬೇಡಿ ಅಂದ."

ಬ್ಯಾಂಕಿನ ಕೃಷ್ಣಕುಮಾರ್ ಫೋನು ತೆಗೆದ. "ನಂಗೆ ಮೆಸೇಜೇ ಹಾಕಿದಾರೆ ನೋಡಿ. ನಿಮ್ಮೊಬ್ಬರಿಗೆ ಮಾತ್ರ ಸರ್, ಅಂತ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ನಂಗೂ, ನಮಗೂ ಎಂದು ಕುರ್ಚಿಯಿಂದ ಕುರ್ಚಿಗೆ ಮಾತು ಹರಿಯಿತು. ಯಾರಿಗೂ ಸಿಟ್ಟಿರಲಿಲ್ಲ. ಸಿಟ್ಟಾಗಿದ್ದರೆ ಎಷ್ಟೋ ವಾಸಿಯಿತ್ತು. "ಎಲ್ರೂ ಕಟ್ಟೋದೇ ಆದ್ರೆ ಜಗಳಾನೇ ಇಲ್ಲ ಬುಡಿ," ಎಂದು ಬೆಟ್ಟಸ್ವಾಮಿ ಆ ಹಾಳೆಯ ಮೇಲೆ ಕೇಸರಿಬಾತು ಹಾಕಿಸಿಕೊಂಡ. ಗಂಗರಾಜು ಕೈ ಕೊಡವಿದ. ಅವನ ಮನೆಗಳು ಮಾರಿಹೋಗಿದ್ದವು.

ಇಂಪನಾ ಮಾತ್ರ ನಗಲಿಲ್ಲ. ಒಬ್ಬೊಬ್ಬರು ಆ ಮಾತು ಹೇಳಿದಾಗಲೂ ಅವರ ಬಾಯನ್ನೇ ನೋಡುತ್ತಿದ್ದಳು. ಕೊನೆಯವರದ್ದೂ ಮುಗಿದಮೇಲೆ ಎದ್ದು ಬಾವಿಯ ಕಡೆ ನಡೆದಳು, ಆ ಸೊಟ್ಟ ದಾರಿಯಲ್ಲೇ. ಸಿದ್ದಾರ್ಥ ಹಿಂದೆ ಹೋದ.

"ಎಷ್ಟು ಜನಕ್ಕೆ ಹೇಳಿದ್ದೆ?"

"ಮೂವತ್ತೊಂಬತ್ತು."

"ನನ್ನನ್ನ ಸೇರಿಸಿದ್ರೆ ನಲವತ್ತು."

"ನಿಂಗೆ ಹೇಳಿದ್ದು ಬೇರೆ ಇಂಪನಾ."

"ಮಾತು ಅದೇ ಅಲ್ವಾ?"

"ಹಂಗೆ ಹೇಳ್ದೇ ಇದ್ದಿದ್ರೆ ಒಬ್ರೂ ಬುಕ್ ಮಾಡ್ತಿರ್ಲಿಲ್ಲ. ನಿನ್ನ ಡ್ರಾಯಿಂಗ್ ಉಳೀಲಿ ಅಂತ ಮಾಡ್ದೆ. ನಿಂಗೋಸ್ಕರ."

"ಉಳೀತಾ?"

ಬಾವಿಕಟ್ಟೆಯ ಆಚೆ ಯಾರೋ ಆಗಲೇ ತಮ್ಮ ಮನೆ ಮುಂದೆ ಟೇಪು ಹಿಡಿದು ಹತ್ತಡಿ ಅಳೆಯುತ್ತಿದ್ದರು.

"ನಾಲ್ಕು ಜನ ಬಿಲ್ಡರ್‌ಗಳು ಮುಖದ ಮೇಲೆ ಆಗಲ್ಲ ಅಂದ್ರು," ಎಂದಳು ಇಂಪನಾ. ದನಿ ಏರಲಿಲ್ಲ. "ಅವರನ್ನ ಬೈಕೊಂಡು ಓಡಾಡ್ತಿದ್ದೆ. ಅವರೇ ವಾಸಿ ಕಣೋ. ಯಾರೂ ಒಪ್ತಿಲ್ಲ ಅಂತ ನೀನೂ ಹೇಳಿದ್ರೆ ಆ ಡ್ರಾಯಿಂಗ್ ಎತ್ಕೊಂಡು ಆರನೇ ಕಡೆಗೆ ಹೋಗ್ತಿದ್ದೆ. ಈಗ ಎಲ್ಲಿಗೆ ಅಂತ ಹೋಗ್ಲಿ? ನಿಮ್ಮದು ತುಮಕೂರಲ್ಲಿ ಇದೆಯಲ್ಲಮ್ಮ, ಅಲ್ಲೇನಾಯ್ತು ಅಂತ ಕೇಳ್ತಾರೆ."

"ತಪ್ಪಾಯ್ತು."

"ಗೊತ್ತು."

ಅವಳು ಮುಡಿಯ ಪೆನ್ಸಿಲ್ ತೆಗೆದು ಬ್ಯಾಗಿನಲ್ಲಿ ಹಾಕಿಕೊಂಡಳು. ಕೂದಲು ಬಿಚ್ಚಿ ಹೆಗಲಿಗೆ ಬಿತ್ತು. ಆಮೇಲೆ ತಲೆಯೆತ್ತಿ ಅವನ ಕಣ್ಣನ್ನೇ ನೋಡಿದಳು.

"ನಾನು ಹೋಗ್ಲಾ?"

ಹೋಗುವವರು ಹಾಗೆ ಕೇಳುವುದಿಲ್ಲ. ಅಷ್ಟು ಅವನಿಗೂ ತಿಳಿಯುತ್ತಿತ್ತು. ಬೇಡ ಅನ್ನಬೇಕಿತ್ತು, ಅಷ್ಟೇ. ಎರಡಕ್ಷರ. ಆದರೆ ಇಪ್ಪತ್ತೊಂಬತ್ತು ವರ್ಷ ಯಾರಿಗೂ ಯಾವುದಕ್ಕೂ ಬೇಡ ಅನ್ನದೆ ಬದುಕಿದ ಬಾಯಿ. ಬೇಡ ಅನ್ನಲು ನನಗೇನು ಹಕ್ಕು ಉಳಿದಿದೆ ಎಂದು ಬೇರೆ ಅನ್ನಿಸಿತು. ಅವಳು ಕಾದಳು. ಬಾವಿಕಟ್ಟೆಯ ಮೇಲೆ ಕೈಯಿಟ್ಟು, ಒಂದು ಬಸ್ಸು ಬಂದು ಹೋಗುವಷ್ಟು ಹೊತ್ತು ಕಾದಳು.

"ಹೂಂ," ಎಂದ ಸಿದ್ದಾರ್ಥ.

ಅವಳ ಕೆಳತುಟಿ ವಾಲಿತು. ನಗುವಿಗಲ್ಲ. ಚಪ್ಪಲಿ ಮೆಟ್ಟಿಕೊಂಡು ಗೇಟಿನವರೆಗೆ ನಡೆದು, ಮುಂದಿನ ಕುಣಿಗಲ್ ಬಸ್ಸಿಗೆ ಕೈಯೊಡ್ಡಿ ಹತ್ತಿದಳು. ಬುಧವಾರ ಆಫೀಸಿಗೆ ಕಾಗದ ಬಂತು, ಹದಿನೇಳನೇ ಮನೆಯ ಬುಕಿಂಗ್ ಕ್ಯಾನ್ಸಲ್ ಮಾಡಿ ಎಂದು.

ಆ ಮಾರನೇ ದಿನ ಸಿಮೆಂಟ್ ಇಟ್ಟಿಗೆ ತುಂಬಿದ ಟ್ರಾಕ್ಟರು ಒಳಗೆ ಬಂತು. ಕಾಲ್ನಡಿಗೆ ಮಾತ್ರ ಎಂದಿದ್ದ ದಾರಿಯಲ್ಲಿ ಬಂದು, ಹಲಸಿನ ಮರದ ಹತ್ತಿರ ತಿರುಗಲಾಗದೆ ನಿಂತಿತು. ಮರದಿಂದ ಬಾವಿಗೆ ಹೋಗುವ ಕಾಲುದಾರಿಯ ಬಳಿ ಸರ್ವಮಂಗಳಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದರು.

"ಸಿದ್ದಾರ್ಥ, ಬೇರೆ ಎಲ್ಲೂ ಜಾಗ ಇಲ್ಲಪ್ಪ. ಇಲ್ಲೇ ದಾರಿ ಮೇಲೇನೇ ಇಳಿಸ್ಲಾ? ನಿಂಗೇನೂ ತೊಂದ್ರೆ ಇಲ್ಲ ತಾನೆ?"

ಅವನು ಆ ದಾರಿಯನ್ನು ಒಂದು ಸಲ ನೋಡಿದ. ಹುಲ್ಲು ಇನ್ನೂ ಚಿಗುರಿರಲಿಲ್ಲ.

"ಇಳಿಸಿ ಟೀಚರ್," ಎಂದ.