ಹಾಲು ತರುವವನ ಚಹಾ

ತಾನು ಕೊಟ್ಟ ಚಹಾವನ್ನು ದಿನೇಶ ಕುಡಿಯದೆ ಜಮಾಲಸಾಬರ ಕೈಗೆ ದಾಟಿಸಿದ್ದನ್ನು ಸುಮನ ನೋಡಿಬಿಟ್ಟಳು.

ಅವಳು ನೋಡುವ ಹೊತ್ತಲ್ಲ ಅದು. ಮುಂಡಗೋಡ ಬಸ್ ಸ್ಟ್ಯಾಂಡಿನ ಎದುರಿಗಿದ್ದ ಅವಳಪ್ಪ ತುಳಜಪ್ಪನ ಚಹಾದಂಗಡಿಯಲ್ಲಿ, ಹುಬ್ಬಳ್ಳಿಯ ಮೊದಲ ಬಸ್ಸು ಬಂದು ನಿಂತ ಮೇಲೆ ಒಲೆ ಬಿಟ್ಟು ಈಚೆ ತಿರುಗಲು ಅವಳಿಗೆ ಪುರಸೊತ್ತಿರುತ್ತಿರಲಿಲ್ಲ. ದಿನೇಶನಿಗೆ ಅದು ಚೆನ್ನಾಗಿ ಗೊತ್ತಿತ್ತು. ಕಾಡಂಚಿನ ಎಮ್ಮೆ ಸಾಕುವವರ ದೊಡ್ಡಿಯಿಂದ ಸೈಕಲ್ಲಿನಲ್ಲಿ ತಂದ ಹಾಲಿನ ಕ್ಯಾನು ಇಳಿಸಿ, ಅವಳು ಕೊಟ್ಟ ಚಹಾ ಹಿಡಿದು ಪಕ್ಕದ ಸೈಕಲ್ ರಿಪೇರಿ ಅಂಗಡಿಗೆ ಹೋಗಿ, ಜಮಾಲಸಾಬರಿಗೆ ಕುಡಿಸಿ, ಖಾಲಿ ಗ್ಲಾಸು ತಂದಿಟ್ಟು, "ಚಲೋ ಆಗಿತ್ರಿ" ಎಂದು ಹೇಳಿ ಹೋಗುತ್ತಿದ್ದ. ಇವತ್ತು ಸಕ್ಕರೆ ಡಬ್ಬಿಗೆಂದು ಅವಳು ತಿರುಗಿದಳು, ಕೆಲಸ ಕೆಟ್ಟಿತು.

"ಏನ್ರಿ ಅದು?" ಎಂದಳು ಸುಮನ.

"ಚಾಚಾಗ ಬೇಕಾಗಿತ್ತಂತ..."

ಜಮಾಲಸಾಬರು ಬಹಳ ಒಳ್ಳೆಯವರು. ಆದರೆ ಸುಳ್ಳಿಗೆ ಜೊತೆಯಾಗುವ ಜಾಣತನ ದೇವರು ಅವರಿಗೆ ಕೊಟ್ಟಿರಲಿಲ್ಲ. "ನಾ ಎಲ್ಲಿ ಕೇಳೇನವಾ? ಅವನ ದಿನಾ ತಂದು ಕೊಡತಾನ. ಚಲೋ ಇರತೈತಿ, ಕುಡಿತೇನಿ" ಎಂದುಬಿಟ್ಟರು.

"ದಿನಾ?"

ಅವಳು ಕೇಳಿದ್ದು ಒಂದೇ ಮಾತು. ದಿನೇಶ ಸೈಕಲ್ಲಿನ ಗಂಟೆ ನೋಡುತ್ತ ನಿಂತ. ಬೆಂಚಿನ ಮೇಲಿದ್ದ ಟೆಂಪೊ ಡ್ರೈವರನೊಬ್ಬ ಸುಮ್ಮನಿರಬಾರದೆ? "ಹಾಲ ತರಾವನ ಕುಡಿಯಂಗಿಲ್ಲ ಅಂದ್ರ, ಆ ಹಾಲಿನಾಗ ಏನ್ ಹಾಕಿರತಾನೋ ಏನೋ ಮಾರಾಯ!" ಎಂದ. ಅಂಗಡಿಯೆಲ್ಲ ನಕ್ಕಿತು. ತುಳಜಪ್ಪ ನಗಲಿಲ್ಲ. ಹಣದ ಗಲ್ಲೆಯಿಂದ ಎದ್ದು ಬಂದು, ಕ್ಯಾನಿನ ಮುಚ್ಚಳ ತೆಗೆದು, ಹಾಲಿನಲ್ಲಿ ಬೆರಳದ್ದಿ ಹೆಬ್ಬೆರಳಿಗೆ ಉಜ್ಜಿ ನೋಡಿದ.

ಆ ಬೆರಳು ದಿನೇಶನ ಎದೆಗೆ ಚುಚ್ಚಿತು. ಅವನ ತಾಯಿ ಕಾಳಿಬಾಯಿ ಹಾಲಿಗೆ ಒಂದು ಹನಿ ನೀರು ಬೆರೆಸಿದವಳಲ್ಲ. ಕ್ಯಾನು ತೊಳೆದ ನೀರು ಒಳಗೆ ಉಳಿದೀತೆಂದು ಅದನ್ನು ಬಿಸಿಲಿಗೆ ಬೋರಲು ಹಾಕುವ ಹೆಂಗಸು.

"ಕೊಡ್ರಿ ಇಲ್ಲೆ ಒಂದು ಗ್ಲಾಸು," ಎಂದ. ಸುಮನ ಕೊಟ್ಟಳು. ಎಲ್ಲರೂ ನೋಡುತ್ತಿದ್ದಂತೆ ಗಟಗಟ ಕುಡಿದು ಮೀಸೆ ಒರೆಸಿಕೊಂಡ.

ನಾಲಿಗೆಗೆ ಅದು ಅಮೃತವೇ. ಹೊಟ್ಟೆ ಮಾತ್ರ ಬೇರೆ ಹೇಳಿತು. ಊರು ದಾಟಿ ಸೇತುವೆಯ ಹತ್ತಿರ ಸೈಕಲ್ ನಿಲ್ಲಿಸಿ, ಕಟ್ಟೆಯ ಮೇಲೆ ಹೊಟ್ಟೆ ಹಿಡಿದುಕೊಂಡು ಕುಳಿತ. ಹಾಲು ಮಾರುವವನಿಗೆ ಹಾಲಿನ ಚಹಾ ಆಗಿಬರುವುದಿಲ್ಲ ಎಂದರೆ ಯಾರು ನಂಬಿಯಾರು?

ಆದರೂ ಮರುದಿನ ಕುಡಿದ. ಅದರ ಮರುದಿನವೂ ಕುಡಿದ. ಹಾಲಿನ ಮರ್ಯಾದೆಗಾಗಿ ಎಂದು ತನಗೆ ತಾನೇ ಹೇಳಿಕೊಂಡ. ನಿಜ ಹೇಳಬೇಕೆಂದರೆ, ಕುಡಿದು ಮುಗಿಯುವ ತನಕ ಅಂಗಡಿಯಲ್ಲೇ ನಿಲ್ಲಬಹುದಲ್ಲ! ನಿಂತರೆ ಅವಳು ಚಹಾ ಮಾಡುವುದನ್ನು ನೋಡಬಹುದು. ಅದಕ್ಕೆ ಹೊಟ್ಟೆನೋವೇನು, ಇನ್ನೂ ದೊಡ್ಡದನ್ನು ತಡೆದುಕೊಳ್ಳಬಹುದಿತ್ತು.

ಎಷ್ಟು ಚೆಂದ ಮಾಡುತ್ತಿದ್ದಳು! ಶುಂಠಿ ಜಜ್ಜುವಾಗ ಬಳೆಗಳನ್ನು ಮೊಳಕೈವರೆಗೆ ಸರಿಸಿಕೊಳ್ಳುತ್ತಿದ್ದಳು. ಕಲ್ಲು ಕೆಳಗಿಟ್ಟೊಡನೆ ಅವು ಜಾರಿ ಬಂದು ಮಣಿಕಟ್ಟಿನಲ್ಲಿ ಸದ್ದು ಮಾಡುತ್ತಿದ್ದವು. ಹಾಲು ಉಕ್ಕಿ ಪಾತೇಲಿಯ ಅಂಚಿಗೆ ಬಂದಾಗ ಊದುತ್ತಿರಲಿಲ್ಲ, ಗಾಬರಿಯಾಗುತ್ತಿರಲಿಲ್ಲ. ಸೌಟಿನಿಂದ ಮೇಲೆತ್ತಿ ಸುರಿದು ಸಮಾಧಾನ ಮಾಡುತ್ತಿದ್ದಳು. ಹುಬ್ಬಳ್ಳಿ ಬಸ್ಸಿನ ಡ್ರೈವರನಿಗೆ ನಾಲಿಗೆ ಸುಡುವಷ್ಟು ಕಡಕ್. ಗೋದುಬಾಯಿ ಟೀಚರಿಗೆ ಹಾಲು ಕಡಿಮೆ, ಸುರಿದುಕೊಂಡು ಕುಡಿಯಲು ಬಸಿ ಬೇಕೇ ಬೇಕು. ಜಮಾಲಸಾಬರಿಗೆ ಬನ್ನು ಅದ್ದಲು ಅಗಲ ಬಾಯಿಯ ಕಪ್ಪು. ಟಿಬೆಟನ್ ಕಾಲೊನಿಯಿಂದ ಬರುವ ಅಜ್ಜನಿಗೆ ಸಕ್ಕರೆಯೇ ಇಲ್ಲ. ಆತ ತನ್ನ ಜೇಬಿನ ಪೊಟ್ಟಣದಿಂದ ಒಂದು ಚಿಟಿಕೆ ಉಪ್ಪು ಉದುರಿಸಿಕೊಂಡು ಕಣ್ಣುಮುಚ್ಚಿ ಕುಡಿಯುತ್ತಿದ್ದ. ಬೇರೆಯವರು ನಗುತ್ತಿದ್ದರು, ಸುಮನ ನಗುತ್ತಿರಲಿಲ್ಲ. "ಅಜ್ಜಾರ, ಇವತ್ತ ಗಾಳಿ ತಂಪೈತಿ, ಬಿಸಿ ಹೆಚ್ಚ ಮಾಡೇನಿ" ಎಂದು ಅವನ ಕೈಗೇ ಕೊಡುತ್ತಿದ್ದಳು. ಯಾರೂ ಬಾಯಿಬಿಟ್ಟು ಕೇಳಬೇಕಾಗಿರಲಿಲ್ಲ. ಬಂದವರ ಮುಖ ನೋಡಿದರೆ ಸಾಕು, ಅವರ ಚಹಾ ಅವಳಿಗೆ ನೆನಪಾಗುತ್ತಿತ್ತು.

ಆ ಅಂಗಡಿಯಲ್ಲಿ ಅವಳಿಗೆ ತಿಳಿಯದೆ ಉಳಿದಿದ್ದ ಮುಖ ಒಂದೇ. ಅದು ಅವಳಿಗೂ ಚುಚ್ಚುತ್ತಿತ್ತು.

ಒಂದು ಬೆಳಿಗ್ಗೆ ದಿನೇಶ ಹಿತ್ತಲಿನ ನಲ್ಲಿಯ ಹತ್ತಿರ ಖಾಲಿ ಕ್ಯಾನು ತೊಳೆಯುತ್ತಿದ್ದಾಗ ಅವಳು ಸೆರಗಿಗೆ ಕೈ ಒರೆಸುತ್ತ ಬಂದು ನಿಂತಳು.

"ಚಾ ಕುಡದ ಕೂಡ್ಲೆ ನಿಮ್ಮ ಮುಖ ಬಾಡತೈತಿ. ನನ್ನ ಚಾದಾಗ ಏನೈತ್ರಿ ಅಂಥಾದ್ದು?"

"ನಿಮ್ಮ ಚಾಕ್ಕ ಏನ್ ಆಗಿಲ್ರಿ. ನನ್ನ ಹೊಟ್ಟಿಗೆ ರೂಢಿ ಇಲ್ಲ."

"ಎಮ್ಮಿ ಕಟ್ಟಿದವರ ಹೊಟ್ಟಿಗೆ ಹಾಲಿಂದು ರೂಢಿ ಇಲ್ಲ?"

"ಹಿಂಡಿದ್ದೆಲ್ಲಾ ಕ್ಯಾನಿಗೆ ಹೋಗತೈತ್ರಿ," ಎಂದ ದಿನೇಶ. ದೂರೇನೂ ಇರಲಿಲ್ಲ ಅವನ ದನಿಯಲ್ಲಿ. "ಸಣ್ಣಾವಿದ್ದಾಗಿಂದ ನಮ್ಮನ್ಯಾಗ ಕರೇ ಚಾ. ಬೆಲ್ಲ ಹಾಕಿ, ನಿಂಬಿ ವಾಸನಿ ಬರೂ ಗೌತಿ ಚಾದ ಹುಲ್ಲು ಹಾಕಿ ಕುದಸೂದು. ಹಾಲು ಊರಿಂದು, ಚಾ ನಮ್ಮದು."

ಜಗಳಕ್ಕೆಂದು ಸಿದ್ಧವಾಗಿ ಬಂದಿದ್ದ ಸುಮನಳ ಸಿಟ್ಟು ಇಳಿಯಿತು. ಆಮೇಲೆ ಮೆಲ್ಲಗೆ ಕೇಳಿದಳು, "ಮೊದಲನೇ ದಿನಾನ ಹೇಳಬಾರದಾಗಿತ್ತೇನ್ರಿ?"

"ಹೆಂಗ ಹೇಳ್ಲಿ? ನೀವು ಕೆನಿ ಹಾಕಿ ಕೊಡತಿದ್ರಿ. ಬ್ಯಾರೇರ ಗ್ಲಾಸಿನಾಗ ಕೆನಿ ಇರಂಗಿಲ್ಲಂತ. ಚಾಚಾ ಹೇಳ್ಯಾರ."

ಅವಳ ಮುಖ ಕೆಂಪಾಯಿತು. "ಆ ಚಾಚಾನ ಬಾಯಿಗೆ..." ಎಂದು ಅರ್ಧಕ್ಕೇ ಬಿಟ್ಟು ಒಳಗೆ ಓಡಿದಳು. ದಿನೇಶ ತೊಳೆದ ಕ್ಯಾನನ್ನೇ ಮತ್ತೆ ತೊಳೆಯುತ್ತ ನಿಂತ.

ಮರುದಿನ ಅವನಿಗೆ ಸಿಕ್ಕಿದ್ದು ಕರಿಯ ಚಹಾ. ಹಿತ್ತಲಿನ ಸಣ್ಣ ಒಲೆಯ ಮೇಲೆ ಬೇರೆಯೇ ಪಾತ್ರೆಯಲ್ಲಿ ಮಾಡಿದ್ದಳು.

"ಹೆಂಗೈತಿ?"

"ಖರೇ ಹೇಳ್ಲೋ, ಸುಳ್ಳ ಹೇಳ್ಲೋ?"

"ಇಷ್ಟ ದಿನ ಸುಳ್ಳ ಹೇಳಿದ್ದು ಸಾಕು."

"ಕಷಾಯ ಆಗೇತ್ರಿ."

ಅವಳು ಸೌಟು ಎತ್ತಿದಳು, ಅವನು ಹಿಂದೆ ಸರಿದ. ಇಬ್ಬರಿಗೂ ನಗು ಬಂತು. ಬೆಲ್ಲ, ಹುಲ್ಲು ಮೊದಲು ಕುದಿಯಬೇಕು, ಪುಡಿ ಕಡೆಗೆ ಹಾಕಿ ಮುಚ್ಚಿ ಇಳಿಸಿಬಿಡಬೇಕು ಎಂದು ಅವನು ಹೇಳಿಕೊಟ್ಟ. ದೊಡ್ಡಿಯಿಂದ ಹುಲ್ಲಿನ ಕಂತೆ ತಂದುಕೊಟ್ಟ. ವಾರ ಕಳೆಯುವುದರೊಳಗೆ ಅವಳ ಕೈಯಲ್ಲಿ ಕರಿಯ ಚಹಾ ಎಂಥ ಹದಕ್ಕೆ ಬಂತೆಂದರೆ, ಗ್ಲಾಸಿನ ತಳ ಕಾಣುವಷ್ಟು ತಿಳಿ, ಜೇನಿನಂಥ ಬಣ್ಣ. ಅದನ್ನು ಹಿಡಿದು ದಿನೇಶ ಹಿತ್ತಲ ಕಟ್ಟೆಯ ಮೇಲೆ ಕೂರುತ್ತಿದ್ದ. ಅವಳು ಬಾಗಿಲಿಗೆ ಒರಗಿ, ಅವನ ಮುಖದಲ್ಲಿ ಮೊದಲ ಗುಟುಕಿನ ಸುಖ ಹರಡುವುದನ್ನು ನೋಡಿಯೇ ಒಳಗೆ ಹೋಗುತ್ತಿದ್ದಳು. ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ಮನಸ್ಸು ಕೊಟ್ಟಾಗಿತ್ತು, ಬಾಯಿಗೆ ಮಾತ್ರ ಇನ್ನೂ ಧೈರ್ಯ ಬಂದಿರಲಿಲ್ಲ.

ಬೆಲ್ಲ ಕುದಿಯುವ ವಾಸನೆಯನ್ನು ಎಷ್ಟು ದಿನ ಮುಚ್ಚಿಟ್ಟಾರು? ಒಂದು ಬೆಳಿಗ್ಗೆ ತುಳಜಪ್ಪ ಹಿತ್ತಲಿಗೆ ಬಂದ. ಪಾತ್ರೆ ನೋಡಿದ, ಮಗಳನ್ನು ನೋಡಿದ, ದಿನೇಶನನ್ನು ನೋಡಿದ. ಅವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

"ನನ್ನ ಅಂಗಡ್ಯಾಗ ಕರೇ ಚಾ?"

"ಅಪ್ಪಾ, ಅವರಿಗೆ ಹಾಲು ಆಗಂಗಿಲ್ಲ..."

"ಯಾಕ ಆಗಂಗಿಲ್ಲ ಅನ್ನೂದು ನನಗ ಹೇಳಬ್ಯಾಡ ಸುಮಿ. ನಾನೂ ದೊಡ್ಡ್ಯಾಗ ಹುಟ್ಟಿದಾವ." ತುಳಜಪ್ಪನ ದನಿ ಏರಲಿಲ್ಲ, ಅದೇ ಹೆಚ್ಚು ಹೆದರಿಸಿತು. "ನಮ್ಮವ್ವ ಜೀವಮಾನ ಪೂರ್ತಿ ಎಮ್ಮಿ ಹಿಂಡಿದ್ಲು. ಸಾಯೂತನಕ ಒಂದ ಗ್ಲಾಸು ಹಾಲಿನ ಚಾ ಕುಡೀಲಿಲ್ಲ. ನಾ ಈ ಅಂಗಡಿ ಹಾಕಿದಾಗ ಆಕಿ ಇರಲಿಲ್ಲ. ದಿನೇಶ, ನಿನ್ನ ಮ್ಯಾಲೆ ನನಗ ಸಿಟ್ಟಿಲ್ಲ. ನೀ ಚಲೋ ಹುಡುಗ. ಆದ್ರ ನನ್ನ ಮಗಳು ಮತ್ತ ಅಂಥಾ ಮನಿಗೆ ಹೋಗೂದು ಬ್ಯಾಡ. ನಾಳಿಂದ ಹಾಲು ಇಳಿಸು, ಹೋಗು. ನಿಲ್ಲಬ್ಯಾಡ."

ಸುಮನ ಅಪ್ಪನಿಗೆ ಎದುರಾಡಲಿಲ್ಲ. ಒಲೆಯ ಕಡೆ ತಿರುಗಿಕೊಂಡಳು. ಕುದಿಯುತ್ತಿದ್ದ ಕರಿಯ ಚಹಾವನ್ನು ಕೆಳಗಿಳಿಸಿದಳು.

ದಾರಿಯುದ್ದಕ್ಕೂ ಅವನಿಗೆ ಸಿಟ್ಟು ತಂದುಕೊಳ್ಳಬೇಕೆನಿಸಿತು, ಬರಲಿಲ್ಲ. ತುಳಜಪ್ಪ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಮನೆಗೆ ಬಂದಾಗ ಕಾಳಿಬಾಯಿ ಒಲೆಯ ಮುಂದೆ ಕರಿಯ ಚಹಾ ಊದಿ ಊದಿ ಕುಡಿಯುತ್ತಿದ್ದಳು.

"ಅವ್ವಾ, ನಿನಗ ಎಂದೂ ಹಾಲಿನ ಚಾ ಕುಡೀಬೇಕು ಅನಿಸಿಲ್ಲೇನ?"

ಅವಳು ನಕ್ಕಳು. "ಅನಿಸಿದ್ರ ಎಲ್ಲಿಂದ ತರೂದೋ? ಕ್ಯಾನು ತುಂಬಬೇಕಲ್ಲ."

ಸಂಕಟದಿಂದ ಹೇಳಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಬಿಸಿಲು ಜೋರಾಗಿದೆ ಎನ್ನುವಷ್ಟು ಸಲೀಸಾಗಿ ಹೇಳಿದ್ದಳು. ಇಷ್ಟು ವರ್ಷ ಈ ಮಾತನ್ನು ತಾನು ಕೇಳಿಯೇ ಇರಲಿಲ್ಲವಲ್ಲ ಎಂದು ಅವನ ಕಣ್ಣು ತುಂಬಿತು.

ಮರುದಿನ ನಸುಕಿನಲ್ಲಿ, ಕ್ಯಾನಿಗೆ ಹಾಲು ಸುರಿಯುವ ಮೊದಲು, ಒಂದು ತಂಬಿಗೆ ತುಂಬ ತೆಗೆದು ಒಲೆಯ ಪಕ್ಕ ಇಟ್ಟ. ಕಾಳಿಬಾಯಿ ಕೂಗಾಡಿದಳು, ಕ್ಯಾನು ಕಡಿಮೆಯಾದರೆ ಗಿರಾಕಿ ಹೋಗುತ್ತದೆ ಎಂದಳು. ಅವನು ಕೇಳಲಿಲ್ಲ.

ಅಂಗಡಿಯಲ್ಲಿ ತುಳಜಪ್ಪ ಮುಚ್ಚಳ ತೆಗೆದ. ಹಾಲು ದಿನದ ಮಟ್ಟಕ್ಕೆ ಇರಲಿಲ್ಲ.

"ಯಾಕ ಕಡಿಮಿ?"

ಬೆಂಚು ಕಿವಿ ನಿಮಿರಿಸಿತು. ಒಲೆಯ ಹತ್ತಿರ ಸೌಟಿನ ಸದ್ದು ನಿಂತಿತು. ಈ ಅಂಗಡಿ ತಪ್ಪಿದರೆ ಅವಳ ಮುಖ ನೋಡುವುದೂ ತಪ್ಪಿತು ಎಂದು ದಿನೇಶನಿಗೆ ಗೊತ್ತಿತ್ತು. ಆದರೂ ಹೇಳಿದ.

"ಅವ್ವಗ ತಗದಿಟ್ಟು ಬಂದೇನಿ ಕಾಕಾ. ಇನ್ನ ಮ್ಯಾಲೆ ಮನಿಗೆ ಇಟ್ಟ ಊರಿಗೆ ತರತೇನಿ. ನಿಮಗ ಸಾಲದಿದ್ರ ಬ್ಯಾರೆ ಕಡೆ ನೋಡ್ಕೊಳ್ರಿ. ನನಗ ಬ್ಯಾಸರ ಇಲ್ಲ."

ತುಳಜಪ್ಪ ಮುಚ್ಚಳ ಹಿಡಿದುಕೊಂಡೇ ನಿಂತ. ಕ್ಯಾನಿನೊಳಗೆ ನೋಡುತ್ತಲೇ ಕೇಳಿದ, "ಕುಡದ್ಲ?"

"ಕುಡದ್ಲ್ರಿ. ಅರ್ಧಾ. ಆಮ್ಯಾಲೆ ಮುಖ ಸಿಂಡರಿಸಿ, 'ಇದೇನೋ, ಪಾಯಸ ಇದ್ದಾಂಗೈತಿ' ಅಂದು, ತಿರುಗಿ ಕರೇ ಚಾನ ಮಾಡ್ಕೊಂಡ್ಲು. ಉಳದ ಹಾಲು ಹೆಪ್ಪ ಹಾಕ್ಯಾಳ."

ಮೊದಲು ನಕ್ಕವಳು ಸುಮನ. ಆಮೇಲೆ ಜಮಾಲಸಾಬರು, ಆಮೇಲೆ ಇಡೀ ಬೆಂಚು. ತುಳಜಪ್ಪನೂ ನಕ್ಕ, ನಗುತ್ತ ನಗುತ್ತಲೇ ಅವನ ಕಣ್ಣಲ್ಲಿ ನೀರು ಬಂತು. ಹೆಗಲ ಟವೆಲಿನಿಂದ ಮುಖ ಒತ್ತಿಕೊಂಡ.

"ನಿಮ್ಮವ್ವ ಬ್ಯಾಡ ಅಂದ್ಲಲ್ಲೋ," ಎಂದ. "ನಮ್ಮವ್ವಗ ಬ್ಯಾಡ ಅನ್ನಾಕೂ ಸಿಗಲಿಲ್ಲ."

ಅವನೇ ಮುಚ್ಚಳ ಹಾಕಿ, ಗಲ್ಲೆಗೆ ಹೋಗಿ ಕುಳಿತು, ದಿನೇಶನ ಮುಖ ನೋಡದೆ ಹೇಳಿದ: "ಸಂತಿ ಮರುದಿನ ಅಂಗಡಿ ಬಂದ್ ಇಡತೇನಿ. ಮನಿ ನೋಡಾಕ ಬರ್ತೇವಿ ಅಂತ ಅವ್ವಗ ಹೇಳು."

ಸೈಕಲ್ ತಿರುಗಿಸುತ್ತಿದ್ದ ದಿನೇಶನ ಹಿಂದೆಯೇ ಸುಮನ ಬಂದಳು, ಕೈಯಲ್ಲಿ ತೊಳೆಯುವ ನೆವಕ್ಕೊಂದು ಖಾಲಿ ಪಾತ್ರೆ.

"ಒಂದು ಮಾತು ಈಗ ಹೇಳಿಬಿಡತೇನಿ. ನಿಮ್ಮ ಸಲುವಾಗಿ ಕರೇ ಚಾ ಕುಡಿಯೂದು ಕಲೀಬೇಕಂತ ಬಾಳ ನೋಡಿದೆ. ನನಗ ಸೇರವಲ್ದು."

"ಕಲೀಬ್ಯಾಡ್ರಿ. ನಿಮ್ಮದು ನಿಮಗಿರಲಿ."

"ಮತ್ತ ದಿನಾ ಎರಡ ನಮೂನಿ ಮಾಡಬೇಕಾಗತೈತಿ?"

"ನನ್ನದು ನಾ ಮಾಡ್ಕೊತೇನಿ," ಎಂದ ದಿನೇಶ. ಸ್ವಲ್ಪ ತಡೆದು ಸೇರಿಸಿದ, "ನಿಮ್ಮದೂ ನಾನ ಮಾಡಿ ಕೊಡತೇನಿ. ನಿಮಗ ಯಾರೂ ಮಾಡಿ ಕೊಟ್ಟಿಲ್ಲಲ್ಲ."

ಅಷ್ಟು ಮಾತಿನ ಸುಮನ ತಲೆ ತಗ್ಗಿಸಿದಳು, ಎತ್ತಿದಾಗ ಕಣ್ಣು ಹೊಳೆಯುತ್ತಿತ್ತು. "ಹೋಗ್ರಿ, ಬಿಸಲಾತು," ಎಂದಳು. ಅವನು ಹೋಗಲಿಲ್ಲ. ಅವಳೂ ಒಳಗೆ ಹೋಗಲಿಲ್ಲ.

ಅವತ್ತು ಮಧ್ಯಾಹ್ನ ಕಾಳಿಬಾಯಿ ಹೊರಗಿನಿಂದ ಬಂದು ನೋಡಿದರೆ, ಮಗ ಅಡುಗೆಮನೆಯಲ್ಲಿ ಮೊಳಕೈವರೆಗೆ ಮಣ್ಣು ಮೆತ್ತಿಕೊಂಡು, ಒಂದೇ ಉರಿಗೆ ಎರಡು ಪಾತ್ರೆ ಕೂರುವಂತೆ ಒಲೆಯ ಮಗ್ಗುಲಿಗೆ ಕೋಡೊಲೆ ಕಟ್ಟುತ್ತಿದ್ದಾನೆ. ಅವಳು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಮಣ್ಣು ಒಡೆದ ಕಡೆ ಒದ್ದೆ ಕೈಯಾಡಿಸಿದಳು.

"ತುಳಜಪ್ಪನ ಮಗಳೇನೋ?"

"ಹೂಂ ಅವ್ವಾ. ಸಂತಿ ಮರುದಿನ ಮನಿ ನೋಡಾಕ ಬರತಾರಂತ."

"ಬಂದ ದಿನ ಆಕಿಗೆ ನಾ ಚಾ ಕೊಡಬೇಕಲ್ಲ. ಸಕ್ಕರಿ ಎಷ್ಟ ಹಾಕ್ಕೊತಾಳ?"

ದಿನೇಶನ ಕೈ ನಿಂತಿತು. ಬಸ್ ಡ್ರೈವರನ ಸಕ್ಕರೆ ಅವನಿಗೆ ಗೊತ್ತಿತ್ತು, ಟೀಚರದು ಗೊತ್ತಿತ್ತು, ಕಾಲೊನಿಯ ಅಜ್ಜನ ಉಪ್ಪು ಕೂಡ ಗೊತ್ತಿತ್ತು. ಇಷ್ಟು ದಿನ ಕಣ್ಣು ಕೀಳದೆ ನೋಡಿದ್ದರೂ, ಸುಮನ ಕುಳಿತು ಒಂದು ಗ್ಲಾಸು ಚಹಾ ಕುಡಿದದ್ದನ್ನು ಅವನು ಒಮ್ಮೆಯೂ ಕಂಡಿರಲಿಲ್ಲ.

"ಗೊತ್ತಿಲ್ಲವ್ವಾ," ಎಂದ.

"ಗೊತ್ತಿಲ್ಲ?" ಕಾಳಿಬಾಯಿ ಎದ್ದು ಕೈ ಕೊಡವಿದಳು. "ಮೊದಲು ಕೈ ತೊಳಕೊ. ಸೈಕಲ್ ತಗೊಂಡು ಹೋಗಿ ಕೇಳ್ಕೊಂಡು ಬಾ. ಒಲಿ ನಾ ಮುಗಸತೇನಿ."